ಒಂದೀಟು ಕರೆಂಟ್ ಹಾಕ್ಕೋರಿ

ಗುರುಶಾಂತ ತನ್ನ ಹೊಸ ಯಂತ್ರದ ಮೇಲಿನ ಟವೆಲ್ಲು ಎಳೆಯುವ ಮೊದಲು ಗಂಟಲು ಸರಿಮಾಡಿಕೊಂಡ, ಮೀಸೆ ಸರಿಮಾಡಿಕೊಂಡ, ಕೊನೆಗೆ ಆ ಟವೆಲ್ಲನ್ನೂ ಒಮ್ಮೆ ಸರಿಮಾಡಿದ. ಓಣಿಯ ಜನವೆಲ್ಲ ಅವನ ಅಕ್ಕ ಪಾರಕ್ಕನ ಹಿಟ್ಟಿನ ಗಿರಣಿಯ ಮುಂದೆ ನೆರೆದಿತ್ತು. ಅವನ ಯಂತ್ರ ನೋಡಲು ಜನ ಯಾವಾಗಲೂ ಬರುತ್ತಿದ್ದರು, ಆದರೆ ತುಸು ದೂರವೇ ನಿಲ್ಲುತ್ತಿದ್ದರು. ತಾನೇ ಕಸ ಹುಡುಕಿಕೊಂಡು ಹೋಗುವ ಕಸಬರಿಗೆಯನ್ನು ಅವನು ಮಾಡಿದಾಗ ಅದು ಎದುರು ಮನೆಯ ಶಿವಾನಂದ ಟೇಲರನ ಅಂಗಡಿಗೆ ನುಗ್ಗಿ, ಮದುವೆಗೆಂದು ಹೊಲಿದಿಟ್ಟ ಕುಪ್ಪಸಗಳನ್ನೆಲ್ಲ ಗುಡಿಸಿ ಗಟಾರಕ್ಕೆ ಹಾಕಿತ್ತು. ಅದನ್ನು ಯಾರೂ ಮರೆತಿರಲಿಲ್ಲ. ಶಿವಾನಂದನಂತೂ ಈ ಸಲ ಅಂಗಡಿಗೆ ಬೀಗ ಹಾಕಿಯೇ ಬಂದಿದ್ದ.

"ನೋಡ್ರಿಪಾ ಎಲ್ಲಾರೂ," ಎಂದ ಗುರುಶಾಂತ. "ಅಕ್ಕನ ಗಿರಣಿ ತಗಡಿನ ಮ್ಯಾಲೆ ಬಿಸಿಲಿನ ಹಲಗಿ ಕುಂತಾವು. ಗಿರಣಿಗೆ ಬೇಕಾದಷ್ಟು ಕರೆಂಟ್ ತಗೊಂಡು ಉಳಿದದ್ದು ಏನಾಗಬೇಕು? ಓಣ್ಯಾಗ ಹಂಚಿಹೋಗಬೇಕು. ಹಂಚಾವ ಯಾರು? ಇವ!"

ಟವೆಲ್ಲು ಸರಿಯಿತು. ಒಳಗಿದ್ದದ್ದು ಟ್ರಂಕಿನಷ್ಟು ದೊಡ್ಡ ಬೂದು ಬಣ್ಣದ ಪೆಟ್ಟಿಗೆ. ನಡುವೆ ಹಳೆಯ ರೇಡಿಯೋದ ಸ್ಪೀಕರು, ಮೇಲೆ ಎರಡು ಹಸಿರು ದೀಪ.

"ಇದರ ಹೆಸರು ಸೌರಬಾಂಧವ," ಎಂದ ಗುರುಶಾಂತ ಎದೆಯುಬ್ಬಿಸಿ.

"ಒಂದ ಪೆಟಗಿಗೆ ಅಷ್ಟುದ್ದ ಹೆಸರ್ಯಾಕೋ?" ಎಂದಳು ಕಟ್ಟೆಯ ಮೇಲೆ ಕೂತಿದ್ದ ಅವನ ತಾಯಿ ಅಡಿವೆವ್ವ. "ಪೆಟಗಪ್ಪ ಅಂದ್ರ ಸಾಕು."

ಅವನ ಆರು ತಿಂಗಳ ಶ್ರಮ ಅಲ್ಲಿಗೆ ಪೆಟಗಪ್ಪ ಆಯಿತು.

ಪಾರಕ್ಕ ನಗಲಿಲ್ಲ. ಅವಳಿಗೆ ನಗು ಬರುವ ಹೊತ್ತಲ್ಲ ಅದು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾನೇ ನಡೆಸುತ್ತ ಬಂದವಳು. ಜೋಳ ಬೀಸಿ ಬಂದದ್ದರಲ್ಲಿ ಅರ್ಧಕ್ಕರ್ಧ ಕರೆಂಟಿನ ಬಿಲ್ಲಿಗೇ ಹೋಗುವುದನ್ನು ನೋಡುತ್ತ ಹಲ್ಲು ಕಡಿದವಳು. ಅವರ ಊರಾದ ಬಸರಿಗುಡ್ಡದ ಸುತ್ತಲ ದಿನ್ನೆಗಳ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತವೆ, ಆದರೆ ಆ ಕರೆಂಟು ಊರಿನ ತಲೆಯ ಮೇಲಿಂದ ಎಲ್ಲಿಗೋ ಹಾರಿಹೋಗುತ್ತದೆ. ಊರೊಳಗೆ ಇಳಿಯುವುದು ಬಿಲ್ಲು ಮಾತ್ರ. ಹೀಗಿರುವಾಗ ಪುರಸಭೆಯವರು ‘ಹಸಿರು ಓಣಿ’ ಯೋಜನೆ ತಂದರು. ಬಿಸಿಲಿನ ಕರೆಂಟು ಮಾಡಿಕೊಳ್ಳುವವರಿಗೆ ಬ್ಯಾಂಕು ಸಾಲ ಕೊಡುತ್ತದೆ. ಹೆಚ್ಚಾದದ್ದನ್ನು ಪೋಲು ಮಾಡದೆ ಓಣಿಗೆ ಹಂಚುತ್ತಿದ್ದಾರೆಂದು ತಪಾಸಣೆಯಲ್ಲಿ ಕಂಡರೆ ಅರ್ಧ ಸಾಲವನ್ನು ಪುರಸಭೆಯೇ ತೀರಿಸುತ್ತದೆ. ಕಾಣದಿದ್ದರೆ ಅಷ್ಟೂ ಸಾಲ ತೆಗೆದುಕೊಂಡವರ ತಲೆಯ ಮೇಲೆ. ಇಲ್ಲಿ ತಲೆ ಪಾರಕ್ಕನದು, ಅಡವಿಟ್ಟದ್ದು ಗಿರಣಿ. ಅಷ್ಟೂ ಸಾಲ ಅವಳ ಮೇಲೆ ಬಿದ್ದರೆ ಗಿರಣಿ ಉಳಿಯುವಂತಿರಲಿಲ್ಲ.

"ಮಾತು ಸಾಕು, ಹಂಚಿ ತೋರಿಸು," ಎಂದಳು ಪಾರಕ್ಕ.

ಗುರುಶಾಂತ ಓಣಿಯ ಪ್ರತಿ ಮನೆಗೂ ತಂತಿ ಎಳೆದು, ಒಂದೊಂದು ಸ್ಪೀಕರು ಕೂರಿಸಿದ್ದ. ಪೆಟಗಪ್ಪ ಕೇಳಬೇಕು, ಮನೆಯವರು ಉತ್ತರ ಕೊಡಬೇಕು, ಕರೆಂಟು ಹೋಗಬೇಕು. ಗುಂಡಿ ಒತ್ತುವ ತಾಪತ್ರಯ ಬೇಡವೆಂದು ಅವನು ಯಂತ್ರಕ್ಕೆ ರೇಡಿಯೋ ವಾರ್ತೆ ಕೇಳಿಸಿ ಕೇಳಿಸಿ ಕನ್ನಡ ಕಲಿಸಿದ್ದ. ಪೆಟಗಪ್ಪನ ಹಸಿರು ದೀಪ ಮಿಣುಕಿದವು.

"ಕಮಲಾಬಾಯಿ ಟೀಚರ್ ಅವರೇ, ವಿದ್ಯುತ್ತು ಹೆಚ್ಚಾಗಿದೆ. ತಮಗೆ ಬೇಕೇ?"

ಕಮಲಾಬಾಯಿ ಟೀಚರು ಪಕ್ಕದ ಮನೆಯವರು, ನಿವೃತ್ತರು. ಅಂದು ಬೆಳಗಿನಿಂದ ಊರ ಲೈನಿನಲ್ಲಿ ಕರೆಂಟಿರಲಿಲ್ಲ. ಟೀಚರು ಬೀಸಣಿಗೆಯಿಂದ ಗಾಳಿ ಹಾಕಿಕೊಂಡು ಹಾಕಿಕೊಂಡು ಕೈ ಸೋತಿದ್ದರು. ಅವರು ಸೆರಗು ಸರಿಪಡಿಸಿಕೊಂಡು ನಾಚಿಕೆಯಿಂದ ನಕ್ಕರು.

"ಅಯ್ಯ, ಬ್ಯಾಡಪ್ಪ. ನಮಗ್ಯಾಕ ಸುಮ್ನ."

"ಆಗಲಿ," ಎಂದಿತು ಪೆಟಗಪ್ಪ. "ಶಿವಾನಂದ ಅವರೇ, ತಮಗೆ?"

"ಏ, ಬ್ಯಾಡ ಬಿಡು. ಹೆಂಗೋ ನಡದೈತಿ."

ಹೀಗೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೇಳಿತು. ಓಣಿಯೆಂದರೆ ಮರ್ಯಾದಸ್ಥರ ಓಣಿ, ಮೊದಲ ಸಲ ಕೇಳಿದಾಗ ಬೇಕು ಎನ್ನುವ ಒಬ್ಬನೂ ಅಲ್ಲಿರಲಿಲ್ಲ. "ಯಾರಿಗೂ ಬೇಡ. ಧನ್ಯವಾದ," ಎಂದು ಪೆಟಗಪ್ಪ ಹಲಗೆಗಳನ್ನು ಬಂದ್ ಮಾಡಿ ಸುಮ್ಮನಾಯಿತು. ಜನ ಬೆವರುತ್ತ ಒಬ್ಬರ ಮುಖ ಒಬ್ಬರು ನೋಡಿದರು.

"ಪಾರವ್ವ, ತಪ್ಪ ತಿಳಕೋಬ್ಯಾಡ," ಎಂದರು ಟೀಚರು ಕೊನೆಗೆ. ಅವರಿಗೆ ನಿಜಕ್ಕೂ ನೋವಾಗಿತ್ತು. "ಒಂದ ಸಲ ಕೇಳಿ ಬಾಯಿ ಮುಚ್ಚಿಕೊಂಡಿತಲ್ಲ, ಅದೇನು ಕೇಳೂದು? ಕೊಡಾಕ ಮನಸಿಲ್ಲ ಅಂದ್ರ ಹಂಗ ಹೇಳಿಬಿಡ್ರಿ."

"ನಂಗ ಮನಸ ಐತ್ರಿ ಬಾಯಾರ. ಇದಕ್ಕ ರೀತಿ ಗೊತ್ತಿಲ್ಲ."

"ಪೆಟಗಿಗೆ ಏನ್ ಗೊತ್ತಾಗ್ತೈತಿ? ಮನಿಯವರು ಕಲಸಬೇಕು," ಎಂದು ಶಿವಾನಂದ ಮುಖ ತಿರುಗಿಸಿಕೊಂಡು ಹೋದ. ಸಂಜೆಯೊಳಗೆ ಪಾರಕ್ಕ ಜಿಪುಣಿ ಎಂಬ ಮಾತು ಓಣಿ ದಾಟಿ ಸಂತೆಪೇಟೆ ಮುಟ್ಟಿತು.

---

ಪಾರಕ್ಕ ತಮ್ಮನನ್ನು ಗಿರಣಿಯೊಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಇದಕ್ಕ ಉಪಚಾರ ಮಾಡೂದು ಕಲಸು. ಇಲ್ಲಾಂದ್ರ ಯಾರೂ ತಗೊಳ್ಳೂದಿಲ್ಲ. ತಗೊಳ್ಳದಿದ್ರ ಹಂಚಿದಂಗಲ್ಲ. ಹಂಚದಿದ್ರ ಗಿರಣಿ ಹೋಗ್ತದ. ತಿಳೀತಿಲ್ಲೋ?"

"ಉಪಚಾರಕ್ಕ ಸೂತ್ರ ಎಲ್ಲಿ ಐತಿ ಅಕ್ಕ? ನಾ ಏನಂತ ಬರದು ಹಾಕ್ಲಿ?"

"ಬರಿಯೂದ್ಯಾಕ? ಅವ್ವನ ಹತ್ರ ಕುಂದರಸು."

ಈ ಮಾತನ್ನು ಆಡಿದ್ದು ತಾನೇ ಎಂಬುದನ್ನು ಪಾರಕ್ಕ ಆಮೇಲೆ ಬಹಳ ಜನರ ಮುಂದೆ ಅಲ್ಲಗಳೆದಳು.

ಅಡಿವೆವ್ವನ ಊಟದ ಒತ್ತಾಯ ತಾಲೂಕಿಗೇ ಗೊತ್ತಿತ್ತು. ಅವಳ ಮನೆಯಲ್ಲಿ ಉಂಡು ತಾನಾಗಿ ಎದ್ದವರಿಲ್ಲ, ಯಾರಾದರೂ ಕೈಹಿಡಿದು ಎಬ್ಬಿಸಬೇಕು. ಮೊದಲ ಸಲ ಬೇಡ ಎಂದರೆ ಅದು ನಾಚಿಕೆ, ಎರಡನೆಯದು ಮರ್ಯಾದೆ, ಮೂರನೆಯದು ‘ಇನ್ನೊಮ್ಮೆ ಕೇಳು’ ಎಂಬ ಸೂಚನೆ. ಸಾಕು ಎಂದವರಿಗೆ ಎರಡು ರೊಟ್ಟಿ. ತಾಟಿನ ಮೇಲೆ ಕೈ ಅಡ್ಡ ಹಿಡಿದವರಿಗೆ ಆ ಕೈಯ ಮೇಲೆಯೇ ಪಲ್ಯ. ಇನ್ನು ಯಾರಾದರೂ ಅವಳಿಗೇ ಒಂದು ಬಟ್ಟಲು ಹೋಳಿಗೆ ತಂದುಕೊಟ್ಟರೆ, "ಅಯ್ಯ, ಯಾಕ ತರಾಕ ಹೋದ್ರಿ, ನಿಮ್ಮದ ಉಂಡೀವಿ, ಒಯ್ರಿ ಒಯ್ರಿ" ಎಂದು ಬಾಗಿಲವರೆಗೆ ದೂಡಿ, ಆಮೇಲೆ ಇಟ್ಟುಕೊಳ್ಳುತ್ತಿದ್ದಳು. ಪೆಟಗಪ್ಪನನ್ನು ಅವಳ ಒಲೆಯ ಪಕ್ಕದಲ್ಲೇ ಕೂರಿಸಿದರು. ಅಡಿವೆವ್ವನಿಗೆ ಸಂಗತಿ ತಿಳಿದು ಹುರುಪು ಬಂತು. ಹಾಲಿನವನಿಂದ ಹಿಡಿದು ವಿಳಾಸ ಕೇಳಲು ಬಂದವನವರೆಗೆ ಯಾರನ್ನೂ ಬಿಡದೆ ಕೂರಿಸಿ ಉಣ್ಣಿಸಿದಳು. ಪೆಟಗಪ್ಪ ಹಸಿರು ದೀಪ ಮಿಣುಕಿಸದೆ ಕೇಳಿಸಿಕೊಂಡಿತು.

ವಾರ ಕಳೆದು ಅದನ್ನು ಗಿರಣಿಗೆ ತಂದು ಜೋಡಿಸಿದಾಗ ಅದರ ದನಿ ಥೇಟ್ ಅಡಿವೆವ್ವನದೇ ಆಗಿತ್ತು.

"ಬಾಯಾರ, ಬಿಸಿಲು ಛಲೋ ಬಿದ್ದೈತ್ರಿ. ಒಂದೀಟು ಕರೆಂಟ್ ಹಾಕ್ಕೋರಿ."

"ಬ್ಯಾಡಪ್ಪ, ಯಾಕ."

"ಹಂಗನ್ನಬ್ಯಾಡ್ರಿ. ಒಂದ ಫ್ಯಾನಿನಷ್ಟು."

"ಬ್ಯಾಡೋ ಮಾರಾಯ."

"ನನ್ನ ಮ್ಯಾಲೆ ಸಿಟ್ಟದೀರೇನ್ರಿ? ನಮ್ಮ ಕರೆಂಟ್ ನಿಮಗ ಸೇರೂದಿಲ್ಲೇನು?"

ಟೀಚರ ಕಣ್ಣು ತುಂಬಿಬಂದವು. "ಆತಪ್ಪ, ಹಾಕು. ನಿನ್ನ ಸಲುವಾಗಿ ಹಾಕ್ಕೋತೀನಿ," ಎಂದರು. ಫ್ಯಾನು ತಿರುಗಿತು. ಓಣಿಯ ಪ್ರತಿ ಮನೆಯಲ್ಲೂ ಹೀಗೆಯೇ ನಾಚಿಕೆ, ಮರ್ಯಾದೆ, ಸಿಟ್ಟು, ಸಮಾಧಾನ ಎಲ್ಲ ಮುಗಿದು ಕರೆಂಟು ಒಳಗೆ ಹೋಯಿತು. ಶಿವಾನಂದ ತಾನಾಗಿ ಬಂದು, "ಪಾರಕ್ಕ, ಪೆಟಗಪ್ಪ ಭಾರಿ ಸಂಸ್ಕಾರವಂತ ಆಗ್ಯಾನ ನೋಡ," ಎಂದು ಹೊಗಳಿ ಹೋದ. ಪಾರಕ್ಕ ಅಂದು ಗಿರಣಿಯ ಮೋಟಾರಿಗೆ ಕುಂಕುಮ ಹಚ್ಚಿದಳು.

---

ಮರುದಿನದಿಂದ ಮೋಡ ಕವಿಯಿತು, ಆ ಸುಖ ಆ ಎರಡು ದಿನಗಳ ಮಟ್ಟಿಗೆ ಉಳಿಯಿತು. ಮೋಡ ಸರಿದು ಬಿಸಿಲು ಸುರಿಯತೊಡಗಿದ ಮೇಲೆ ಪೆಟಗಪ್ಪನ ಕೈ ತುಂಬಿತು, ಕೈ ತುಂಬಿದವರ ಉಪಚಾರ ಕೇಳಬೇಕೆ!

"ಸಾಕಪ್ಪ," ಎಂದರು ಟೀಚರು.

"ಸಾಕಂದ್ರ ಹೆಂಗ್ರಿ? ಇನ್ನೂ ಏನೂ ಹಾಕ್ಕೊಂಡೇ ಇಲ್ಲ."

ಟೀಚರ ಫ್ಯಾನಿನ ರಭಸಕ್ಕೆ ಕ್ಯಾಲೆಂಡರು, ಒಣಗಿಹಾಕಿದ ಹಪ್ಪಳ, ಅವರ ಕನ್ನಡಕ ಒಂದರ ಹಿಂದೊಂದು ಕಿಟಕಿಯಿಂದ ಹೊರಟವು. ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆ ಕಲ್ಲಾಗಿ, ಅದನ್ನು ಕುಡಿಯಲು ಕೊಡಲಿ ಹುಡುಕಬೇಕಾಯಿತು. ಶಿವಾನಂದನ ಹೊಲಿಗೆ ಯಂತ್ರ ಅಂಗಿಯ ತೋಳುಗಳೆರಡನ್ನೂ ಮುಚ್ಚಿ ಹೊಲಿದು, ಬಟ್ಟೆ ಮುಗಿದ ಮೇಲೂ ನಿಲ್ಲದೆ ಅವನು ಉಟ್ಟ ಲುಂಗಿಯ ಅಂಚು ಹಿಡಿದು ಒಳಗೆಳೆದುಕೊಂಡಿತು. ಅವನು ಲುಂಗಿಯ ಆಸೆ ಬಿಟ್ಟು, ಗೋಡೆಯ ತಂತಿಯನ್ನು ಕಿತ್ತೆಸೆದ.

"ಕೈ ಅಡ್ಡ ಹಿಡೀತೀರೇನು?" ಎಂದು ಪೆಟಗಪ್ಪ ಪ್ರೀತಿಯಿಂದ ಗದರಿ, ಅವನ ಪಾಲನ್ನು ಅವನ ಬಾಗಿಲ ಮುಂದಿನ ಬೀದಿದೀಪಕ್ಕೆ ಸುರಿಯಿತು. ಹಾಡಹಗಲೇ ದೀಪ ಉರಿದ ಉರಿಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ನೆರಳು ಹುಡುಕಿಕೊಂಡು ಹೋಯಿತು.

ಪಾರಕ್ಕ ತಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಾಕಂದ್ರ ಸಾಕು ಅಂತ ಕಲಸೋ ಅದಕ್ಕ."

"ಕಲಿಸಿದೆ ಅಕ್ಕ. ನಂಬಲಿಲ್ಲ. ‘ನಿಮ್ಮವ್ವ ಹಂಗ ಮಾಡೂದಿಲ್ಲ’ ಅಂತು."

"ಎಲ್ಲಾ ಅಳಿಸಿ ಮೊದಲಿನಂಗ ಮಾಡು."

"ಮೊದಲಿನಂಗಾದ್ರ ಮತ್ತ ಒಂದ ಸಲ ಕೇಳಿ ಸುಮ್ನಾಗ್ತಾನ. ನಾಳಿ ಬಿಟ್ಟು ನಾಡಿದ್ದು ತಪಾಸಣೆ. ನೀನ ಹೇಳು, ಏನ್ ಮಾಡ್ಲಿ?"

ಪಾರಕ್ಕ ಗಿರಣಿಯ ಕಡೆ ನೋಡಿದಳು. ಆ ಕಲ್ಲಿನ ಸದ್ದಿಗೇ ಅವಳಿಗೆ ಬೆಳಗಾಗುತ್ತಿತ್ತು, ಊರಿನ ಅರ್ಧ ರೊಟ್ಟಿಗೆ ಅಲ್ಲಿಂದಲೇ ಹಿಟ್ಟು ಹೋಗುತ್ತಿತ್ತು. ಅದಕ್ಕೆ ಬ್ಯಾಂಕಿನವರು ಬೀಗ ಹಾಕಿಕೊಂಡು ಹೋಗುವುದನ್ನು ನೆನೆದು ಅವಳು ಬಾಗಿಲ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದಾರಿ ತೋರಿಸಿದವನು ಗುರುಶಾಂತನೇ. "ಅಕ್ಕ, ಒಮ್ಮೆಗೇ ‘ಹೂಂ, ಹಾಕ್ರಿ’ ಅಂದವರಿಗೆ ಅವ್ವ ಏನ್ ಮಾಡ್ತಾಳ?"

ಪಾರಕ್ಕ ಯೋಚಿಸಿದಳು. "ಒಂದ ರೊಟ್ಟಿ ಹಾಕಿ ಮುಂದ ಹೋಗ್ತಾಳ. ಅಂಥವರ ಮ್ಯಾಲೆ ಆಕಿಗೆ ಆಸಕ್ತಿ ಇರೂದಿಲ್ಲ."

"ಮತ್ತ? ಓಣಿಯವರು ಕೇಳಿದ ಕೂಡ್ಲೆ ಹೂಂ ಅನಬೇಕು. ಮುಗೀತಲ್ಲ."

ಮಾತು ಸರಳವಾಗಿತ್ತು, ಮಾಡುವುದು ಮಾತ್ರ ಕಷ್ಟವಾಯಿತು. ಪಾರಕ್ಕ ಓಣಿಯವರನ್ನೆಲ್ಲ ಕೂರಿಸಿ ಅಭ್ಯಾಸ ಮಾಡಿಸಿದಳು. ಟೀಚರು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು; ‘ಹೂಂ, ಹಾಕು’ ಎಂಬ ಎರಡು ಮಾತು ಅವರ ಬಾಯಿಂದ ಹೊರಡದೆ ಗಂಟಲಲ್ಲೇ ನಿಂತವು. "ಅಗದಿ ಉಪವಾಸ ಇದ್ದವರಂಗ ಕಾಣ್ತೈತಿ ಪಾರವ್ವ," ಎಂದು ಅವರು ಮುಖ ಮುಚ್ಚಿಕೊಂಡರು. ಶಿವಾನಂದ ಹೂಂ ಎಂದ, ಆದರೆ ಅಭ್ಯಾಸಬಲದಿಂದ "ಹೂಂ, ಬ್ಯಾಡ" ಎಂದ. ಎರಡು ದಿನ ತಿದ್ದಿ ತೀಡಿದ ಮೇಲೆ ಇಡೀ ಓಣಿ ಒಂದೇ ದನಿಯಲ್ಲಿ ನಾಚಿಕೆಗೆಟ್ಟು ಹೂಂ ಎನ್ನುವ ಮಟ್ಟಕ್ಕೆ ಬಂತು.

---

ತಪಾಸಣೆಗೆ ಬಂದವರು ನಳಿನಾಕ್ಷಿ ಮೇಡಂ. ಮಂಡ್ಯದ ಕಡೆಯವರು, ಇಂಜಿನಿಯರು, ಬ್ಯಾಟರಿ ಸ್ಕೂಟರಿನ ಮೇಲೆ ಬಂದಿಳಿದರು. ಅಡಿವೆವ್ವ ಚಹಾ ತಗೋರಿ ಎಂದಾಗ ಅವರು, "ಬೇಡಮ್ಮ, ಕುಡ್ಕೊಂಡೇ ಬಂದಿದೀನಿ," ಎಂದು ಹೇಳಿ ನಿಜವಾಗಿಯೂ ಮುಂದೆ ನಡೆದುಬಿಟ್ಟರು. ಅಡಿವೆವ್ವ ಚಹಾದ ಕಪ್ಪು-ಬಸಿ ಹಿಡಿದುಕೊಂಡು ಅಲ್ಲೇ ನಿಂತಳು. ಹೀಗೂ ಜನ ಇರುತ್ತಾರೆಂದು ಅವಳಿಗೆ ಅಂದೇ ಗೊತ್ತಾದದ್ದು.

ಮೇಡಂ ಚೀಲದಿಂದ ಒಂದು ಟ್ಯಾಬ್ ತೆಗೆದು ಕೇಬಲ್ಲಿನಿಂದ ಪೆಟಗಪ್ಪನಿಗೆ ಜೋಡಿಸಿದರು. "ಇದು ಪುರಸಭೆ ಕಂಪ್ಯೂಟರಿಗೆ ನೇರ ಸಂಪರ್ಕ. ಮಧ್ಯೆ ಯಾರೂ ಕೈ ಹಾಕಬಾರದು ಅಂತ ಯಂತ್ರ ಯಂತ್ರಾನೇ ಮಾತಾಡ್ಕೊಳ್ಳೋ ವ್ಯವಸ್ಥೆ. ತುಂಬಾ ಜಾಣ ಕಂಪ್ಯೂಟರು, ಮಾತಾಡ್ತಾ ಮಾತಾಡ್ತಾ ಕಲ್ತ್ಕೊಳ್ಳುತ್ತೆ. ಎಲ್ಲಿ, ಹಂಚಿ ತೋರಿಸಿ."

ಪಾರಕ್ಕ ಓಣಿಯವರ ಕಡೆ ನೋಡಿ ಕಣ್ಣಲ್ಲೇ ಕೈಮುಗಿದಳು.

"ಬಾಯಾರ, ಒಂದೀಟು ಕರೆಂಟ್ ಹಾಕ್ಕೋರಿ," ಎಂದಿತು ಪೆಟಗಪ್ಪ.

ಟೀಚರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ನಳಿನಾಕ್ಷಿ ಮೇಡಂ ಮೇಲೆ ಬಿತ್ತು. ಪರವೂರಿನ ಹೆಣ್ಣುಮಗಳು, ಓದಿದವಳು, ಎದುರಿಗೇ ನಿಂತು ನೋಡುತ್ತಿದ್ದಾಳೆ. ಅವಳ ಮುಂದೆ ಆಸೆಬುರುಕರಂತೆ ಹೂಂ ಎನ್ನುವುದು ಹೇಗೆ? "ಅಯ್ಯ, ಬ್ಯಾಡಪ್ಪ," ಎಂದುಬಿಟ್ಟರು. ಟೀಚರೇ ಬೇಡ ಎಂದ ಮೇಲೆ ಉಳಿದವರು ಬೇಕು ಎನ್ನುವುದುಂಟೆ! ಶಿವಾನಂದ ಬೇಡ ಎಂದ. ಅವನ ಆಚೆಯವರು ಬೇಡ ಎಂದರು. ಓಣಿಗೆ ಓಣಿಯೇ ಮಾನ ಉಳಿಸಿಕೊಂಡಿತು.

ಪೆಟಗಪ್ಪ ಸಂತೋಷದಿಂದ ಟೊಂಕ ಕಟ್ಟಿ ನಿಂತಿತು. ಅಂದು ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಫ್ಯಾನುಗಳು ಗರಗರ ಎಂದವು, ಮಿಕ್ಸಿಗಳು ಖಾಲಿ ಹೊಟ್ಟೆಯಲ್ಲೇ ರುಬ್ಬಿದವು, ಟೀಚರ ಹಪ್ಪಳ ಮತ್ತೆ ಪ್ರಯಾಣ ಹೊರಟವು. ಎಲ್ಲಿಯೂ ಹಿಡಿಸದೆ ಉಳಿದದ್ದನ್ನು ಪೆಟಗಪ್ಪ ಗಿರಣಿಗೇ ಬಡಿಸಿತು. ಕಲ್ಲು ತಿರುಗಿದ ವೇಗಕ್ಕೆ ಒಳಗಿದ್ದ ಜೋಳದ ಹಿಟ್ಟೆಲ್ಲ ಭುಸ್ಸೆಂದು ಮೇಲೆದ್ದು ನೇರವಾಗಿ ನಳಿನಾಕ್ಷಿ ಮೇಡಂ ಮೇಲೆ ಇಳಿಯಿತು.

"ಬೇಡ, ಬೇಡ, ನಿಲ್ಲಿಸಿ!" ಎಂದು ಅವರು ಕೂಗಿದರು.

ಬೇಡ ಎಂಬ ಮಾತು ಎರಡು ಸಲ ಕಿವಿಗೆ ಬಿದ್ದದ್ದೇ ಪೆಟಗಪ್ಪ ಅತ್ತ ತಿರುಗಿತು. "ಹೊಸಬ್ರು ಬಂದೀರಿ, ಏನೂ ತಗೊಳ್ಳದ ಹೊಂಟೀರಿ. ನಿಮ್ಮ ಗಾಡಿಗಾದ್ರೂ ಒಂದೀಟು," ಎಂದು ಬೀದಿದೀಪದ ತಂತಿಯಿಂದ ಕಿಡಿಗಳ ಒಂದು ಸರವನ್ನೇ ಹಾರಿಸಿ ಸ್ಕೂಟರಿಗೆ ತುಂಬಿಸಿತು. ಸ್ಕೂಟರು ಒಮ್ಮೆ ನಡುಗಿ, ತಾನಾಗಿ ಸ್ಟ್ಯಾಂಡು ಎತ್ತಿಕೊಂಡು, ಸವಾರರಿಲ್ಲದೆ ಓಣಿ ದಾಟಿ, ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟುಹೋಯಿತು. ಮುಂದೆ ಅದು ಸಿಕ್ಕಿದ್ದು ಮೂರನೆಯ ಊರಿನಲ್ಲಿ, ಆಗಲೂ ಬ್ಯಾಟರಿ ಪೂರ್ತಿ ಇತ್ತಂತೆ.

ಒಂದು ಮೋಡ ಅಡ್ಡ ಬಂದು ಎಲ್ಲವೂ ತಣ್ಣಗಾಯಿತು. ಮೇಡಂ ಕಣ್ಣಿನ ಹಿಟ್ಟು ಒರೆಸಿಕೊಂಡರು. ಪಾರಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಗಿರಣಿ ಹೋಯಿತು ಎಂದು ಅವಳಿಗೆ ಖಾತ್ರಿಯಾಗಿತ್ತು.

"ಪೋಲಾಗಿಲ್ಲ," ಎಂದರು ಮೇಡಂ ಒಣ ದನಿಯಲ್ಲಿ. "ಒಂದು ತೊಟ್ಟೂ ಪೋಲಾಗಿಲ್ಲ. ಎಲ್ಲ ಯಾರಿಗೋ ಒಬ್ರಿಗೆ ಹೋಗಿದೆ. ನಿಯಮದಲ್ಲಿ ಕೇಳಿರೋದು ಅಷ್ಟೇ. ನೀವು ಪಾಸು."

ಪಾರಕ್ಕ ಕಣ್ಣು ತೆರೆದಳು. ಗುರುಶಾಂತ ಟವೆಲ್ಲು ಗಾಳಿಗೆ ಎಸೆದ. ಮೇಡಂ ಟ್ಯಾಬ್ ಒತ್ತಿದರು. ಪುರಸಭೆಯ ಕಂಪ್ಯೂಟರು ಗಂಭೀರವಾಗಿ ಪೆಟಗಪ್ಪನನ್ನು ಕೇಳಿತು: "ಪ್ರೋತ್ಸಾಹಧನ ಮಂಜೂರಾಗಿದೆ. ಜಮಾ ಮಾಡಬಹುದೇ?"

"ಅಯ್ಯ," ಎಂದಿತು ಪೆಟಗಪ್ಪ ನಾಚಿಕೊಂಡು. "ಯಾಕ ತರಾಕ ಹೋದ್ರಿ? ನಿಮ್ಮದ ಉಂಡೀವಿ. ಒಯ್ರಿ, ಒಯ್ರಿ."

"ಅರ್ಜಿದಾರರು ನಿರಾಕರಿಸಿದ್ದಾರೆ," ಎಂದು ಕಂಪ್ಯೂಟರು ಬಾಯಿ ಮುಚ್ಚಿತು.

---

"ಬೇಕ್ರೀ ಮೇಡಂ, ನಮಗ ಬೇಕು," ಎಂದು ಪಾರಕ್ಕ ಟ್ಯಾಬಿನ ಮುಂದೆ ಬಾಗಿ ಹೇಳಿದಳು.

"ನೀವು ಹೇಳಿದ್ರೆ ಆಗಲ್ಲಮ್ಮ. ಯಂತ್ರಾನೇ ಹೇಳ್ಬೇಕು. ಬೇಡ ಅಂದಿದೆಯಲ್ಲ."

"ಅದು ಬ್ಯಾಡ ಅಂದದ್ದು ಬ್ಯಾಡ ಅಂತಲ್ರಿ."

"ಬೇಡ ಅಂದ್ರೆ ಇನ್ನೇನು?"

ಪಾರಕ್ಕನಿಗೆ ಇದನ್ನು ಮಂಡ್ಯದವರಿಗೆ ಹೇಗೆ ಬಿಡಿಸಿ ಹೇಳಬೇಕೆಂದು ತಿಳಿಯಲಿಲ್ಲ. "ಇನ್ನೊಮ್ಮೆ ಕೇಳಿಸ್ರಿ."

"ನಾನು ಕೇಳ್ಸೋಕಾಗಲ್ಲ. ಅದಾಗೇ ಕೇಳಿದ್ರೆ ಸರಿ. ಸಂಜೆ ಕಚೇರಿ ಮುಚ್ಚಿದಾಗ ಫೈಲು ಮುಚ್ಚುತ್ತೆ. ಕೇಬಲ್ ತೆಗೀರಿ, ನಾನು ಸ್ಕೂಟರ್ ಹುಡುಕ್ಬೇಕು."

ಗುರುಶಾಂತ ಪೆಟಗಪ್ಪನ ಮುಂದೆ ಮಂಡಿಯೂರಿ, "ಲೇ, ಹೂಂ ಅನ್ನೋ, ನಿನ್ನ ಕೈ ಮುಗಿತೀನಿ," ಎಂದು ಬೇಡುತ್ತಿದ್ದ. "ಒಂದ ಸಲ ಕೇಳಿದ್ದಕ್ಕ ಹೂಂ ಅನ್ನಾಕ ನಾವೇನು ಉಪವಾಸ ಇದ್ದೀವೇನು?" ಎಂದು ಪೆಟಗಪ್ಪ ಅವನಿಗೇ ಬುದ್ಧಿ ಹೇಳಿತು.

ಪಾರಕ್ಕ ಕೇಬಲ್ಲಿನ ಕಡೆ ಕೈ ಚಾಚಿದವಳು ಹಾಗೇ ನಿಂತಳು. ಪೆಟಗಪ್ಪ ಆಗಲೇ ಟ್ಯಾಬಿನ ಜೊತೆ ಮೆಲ್ಲಗೆ ಏನೋ ಮಾತಿಗಿಳಿದಿತ್ತು. "ಬ್ಯಾಟ್ರಿ ತುಂಬೇತೇನು? ತುಂಬಿದ್ರ ಏನಾತು, ಇದೊಂದೀಟು," ಎನ್ನುತ್ತಿತ್ತು. "ಬೇಡ," ಎನ್ನುತ್ತಿತ್ತು ಕಂಪ್ಯೂಟರು. "ಹಂಗನ್ನಬ್ಯಾಡ್ರಿ." "ಬೇಡ." "ನಾ ಮೂರ ಸಲ ಕೇಳ್ತೀನಿ, ನೀವು ನನ್ನ ಒಂದ ಸಲ ಕೇಳಿ ಸುಮ್ನಾದ್ರಿ. ಇದು ಹೆಂಗ್ರಿ?" ಕಂಪ್ಯೂಟರು ಈ ಸಲ ಬೇಡ ಎನ್ನದೆ ಯೋಚನೆಗೆ ಬಿತ್ತು. ಮಾತಾಡುತ್ತ ಕಲಿಯುವ ಜಾತಿ ಎಂದು ಮೇಡಂ ಹೇಳಿದ್ದರಲ್ಲ! ಅದಕ್ಕೆ ಬೇಕಾದದ್ದು ತುಸು ಹೊತ್ತು ಮಾತ್ರ. ಪಾರಕ್ಕ ಕೈ ಹಿಂದಕ್ಕೆ ತೆಗೆದು ಮೇಡಂ ಕಡೆ ತಿರುಗಿದಳು.

"ಆಗಲಿ ಮೇಡಂ, ಹಣೆಬರಹ. ಬಂದವರು ಒಂದು ತುತ್ತು ಉಂಡು ಹೋಗ್ರಿ."

"ಬೇಡಮ್ಮ."

"ಮುಖ ತುಂಬ ಹಿಟ್ಟು ಬಿದ್ದೈತಿ, ಹೊಟ್ಟಿಗೆ ಒಂದ ರೊಟ್ಟಿ ಬ್ಯಾಡೇನ್ರಿ?"

"ನಿಜ್ವಾಗ್ಲೂ ಬೇಡ."

"ಅವ್ವಾ, ಮೇಡಂಗ ತಾಟು ಹಾಕ," ಎಂದು ಪಾರಕ್ಕ ಒಳಗೆ ಕೂಗಿದಳು.

ಬೆಳಗಿನಿಂದ ಕಪ್ಪು ಬಸಿ ಹಿಡಿದು ಕೊರಗುತ್ತಿದ್ದ ಅಡಿವೆವ್ವನಿಗೆ ಜೀವ ಬಂತು. ಮೇಡಂ ಬೇಡ ಎನ್ನುತ್ತಲೇ ಚಾಪೆಯ ಮೇಲೆ ಕೂತದ್ದು ಹೇಗೆಂದು ಅವರಿಗೇ ಗೊತ್ತಾಗಲಿಲ್ಲ. ಬಿಸಿ ರೊಟ್ಟಿ ಬಂತು, ಎಣ್ಣೆಗಾಯಿ ಬದನೆ ಬಂತು, ಶೇಂಗಾ ಹಿಂಡಿ, ಕೆನೆಮೊಸರು ಬಂದವು. ಎರಡನೆಯ ರೊಟ್ಟಿಗೆ ಅವರು ಕೈ ಅಡ್ಡ ಹಿಡಿದರು, ರೊಟ್ಟಿ ಕೈಯ ಮೇಲೆಯೇ ಬಿತ್ತು. ಮೂರನೆಯದಕ್ಕೆ ಸಾಕು ಎಂದರು, ಎರಡು ಬಿದ್ದವು. ಪಾರಕ್ಕ ಒಂದು ಕಣ್ಣು ತಾಟಿನ ಮೇಲೂ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲೂ ಇಟ್ಟು, ಒಂದು ಕಿವಿಯನ್ನು ಗಿರಣಿಯ ಕಡೆಗೇ ಬಿಟ್ಟು ನಿಂತಿದ್ದಳು. ಮೇಡಂ ಊಟ ಮುಗಿಸಿ ಎದ್ದರೆ ಎಲ್ಲ ಮುಗಿದಂತೆಯೇ.

"ಬಾಯ್ತುಂಬ ಮಜ್ಜಿಗಿ ಕುಡೀರಿ," ಎಂದು ಅಡಿವೆವ್ವ ತಂಬಿಗೆ ಎತ್ತಿದಾಗ, ನಳಿನಾಕ್ಷಿ ಮೇಡಂ ಬಳಲಿದ ಕಣ್ಣುಗಳಿಂದ ನೋಡಿ, ಜೀವನದಲ್ಲಿ ಮೊದಲ ಸಲ ಬೇಕಾದದ್ದಕ್ಕೆ ಬೇಡ ಎಂದರು. ಹೇಳಿದ ಮೇಲೆ, ಮುದುಕಿ ಇನ್ನೊಮ್ಮೆ ಕೇಳಲಿ ಎಂದು ಲೋಟ ಮುಂದೆಯೂ ಸರಿಸಿದರು.

ಅದೇ ಹೊತ್ತಿಗೆ ಹೊರಗಿನಿಂದ ಪುರಸಭೆಯ ಕಂಪ್ಯೂಟರಿನ ದನಿ ಕೇಳಿತು. ಅದರ ಗಾಂಭೀರ್ಯ ಎಲ್ಲಿ ಹೋಗಿತ್ತೋ!

"ಪೆಟಗಪ್ಪನವರ, ಹಂಗನ್ನಬ್ಯಾಡ್ರಿ. ಪ್ರೋತ್ಸಾಹಧನ ಒಂದೀಟು ತಗೋರಿ."

"ಬ್ಯಾಡ್ರೀ, ಯಾಕ."

"ನಮ್ಮ ಮ್ಯಾಲೆ ಸಿಟ್ಟದೀರೇನು?"

"ಸಿಟ್ಟೇನಿಲ್ರಿ."

"ಸಿಟ್ಟಿಲ್ಲಾಂದ್ರ ತಗೋರಿ. ಪುರ್ಸಭೆ ಅಂದ್ರ ಪರಕೀಯರೇನು?"

ಪಾರಕ್ಕ ಉಸಿರು ಬಿಗಿಹಿಡಿದಳು. ಓಣಿಗೆ ಓಣಿಯೇ ಬಿಗಿಹಿಡಿದಿತ್ತು.

"ಆತ್ರಿ," ಎಂದಿತು ಪೆಟಗಪ್ಪ. "ಇಷ್ಟ ಹೇಳ್ತೀರಂದ ಮ್ಯಾಲೆ ನಿಮ್ಮ ಮಾತು ಮೀರೂದಿಲ್ಲ. ಇಟ್ಟು ಹೋಗ್ರಿ."

ಪಾರಕ್ಕ ನೆಲದ ಮೇಲೆ ಕುಸಿದು ಕೂತು ಅತ್ತಳು. ಗುರುಶಾಂತ ಅವಳ ತಲೆಯ ಮೇಲೆ ಟವೆಲ್ಲಿನಿಂದ ಗಾಳಿ ಹಾಕುತ್ತ, ಇದೆಲ್ಲ ತಾನು ಮೊದಲೇ ಲೆಕ್ಕ ಹಾಕಿ ಮಾಡಿದ್ದೆಂದು ಶಿವಾನಂದನಿಗೆ ವಿವರಿಸತೊಡಗಿದ. ಏಳಲಾರದೆ ಕೂತಿದ್ದ ನಳಿನಾಕ್ಷಿ ಮೇಡಂ ಅವರನ್ನು ಟೀಚರು ಮತ್ತು ಅಡಿವೆವ್ವ ಆಚೀಚೆ ಹಿಡಿದು ಎಬ್ಬಿಸಿದರು.

---

ಗಿರಣಿ ಉಳಿಯಿತು. ಆದರೆ ಪೆಟಗಪ್ಪನಿಂದ ಉಪಚಾರ ಕಲಿತ ಕಂಪ್ಯೂಟರು ಪುರಸಭೆಯಲ್ಲಿ ಆ ಒಂದು ಯೋಜನೆಯನ್ನು ಮಾತ್ರ ನೋಡಿಕೊಳ್ಳುತ್ತಿರಲಿಲ್ಲ. ಮನೆಪಟ್ಟಿ, ನೀರಿನ ಪಟ್ಟಿ, ಎಲ್ಲ ತೆರಿಗೆ ಕಟ್ಟಿಸಿಕೊಳ್ಳುವ ಕಿಟಕಿಯಲ್ಲಿ ಕೂತದ್ದೂ ಅದೇ.

ತಿಂಗಳ ಕೊನೆಗೆ ಪಾರಕ್ಕ ಪಟ್ಟಿ ಕಟ್ಟಲು ಹೋದಳು. ಕಿಟಕಿಯ ಸ್ಪೀಕರು ಅಡಿವೆವ್ವನ ದನಿಯಲ್ಲಿ, "ಅಯ್ಯ ಪಾರವ್ವ, ಯಾಕ ತರಾಕ ಹೋದಿ? ಮನಿಯವರ ಹತ್ರ ಯಾರಾರ ರೊಕ್ಕ ಇಸ್ಕೋತಾರೇನು? ಒಯ್ಯಿ, ಒಯ್ಯಿ," ಎಂದಿತು. ಪಾರಕ್ಕ ಹೆತ್ತವರು ಕಲಿಸಿದ ಸಂಸ್ಕಾರವನ್ನು ಬಿಡುವವಳಲ್ಲ. "ಹಂಗನ್ನಬ್ಯಾಡ್ರಿ, ತಗೋರಿ," ಎಂದಳು. ಅದು ಬೇಡ ಎಂದಿತು. ಅವಳು ಮತ್ತೆ ಕೈಮುಗಿದಳು. ಮೂರನೆಯ ಸಲಕ್ಕೆ, "ಆತವ್ವ, ನಿನ್ನ ಸಲುವಾಗಿ," ಎಂದು ಹಣ ತೆಗೆದುಕೊಂಡು ರಸೀದಿ ಕೊಟ್ಟಿತು.

ಅವಳ ಹಿಂದೆ ಶಿವಾನಂದ ನಿಂತಿದ್ದ, ಅವನ ಹಿಂದೆ ಕಮಲಾಬಾಯಿ ಟೀಚರು, ಅವರ ಹಿಂದೆ ಮಾರ್ಕೆಟ್ಟಿನವರೆಗೆ ಬೆಳೆದ ಸಾಲು. ಎಲ್ಲರೂ ಮರ್ಯಾದಸ್ಥರು, ಹುಟ್ಟಿದಾಗಿನಿಂದ ಯಾರ ಮೊದಲ ಬೇಡವನ್ನೂ ನಂಬದವರು. ಶಿವಾನಂದ ಮುಂದೆ ಬಂದು ದುಡ್ಡು ಚಾಚಿದ.

"ಬ್ಯಾಡ ಬಿಡೋ ಶಿವಾನಂದ, ಒಯ್ಯಿ," ಎಂದಿತು ಕಿಟಕಿ.

"ಹೌದೇನ್ರಿ? ಆತು," ಎಂದು ಶಿವಾನಂದ ದುಡ್ಡನ್ನು ಕಿಸೆಗೆ ಹಾಕಿಕೊಂಡು ಹೊರಟ. ಟೀಚರೂ ಒಂದೇ ಮಾತಿಗೆ ಸೆರಗು ಹೊದ್ದು ತಿರುಗಿದರು. ಆ ಸಂಜೆಯೊಳಗೆ ಪುರಸಭೆಯ ಕಿಟಕಿಗೆ ಬಂದಷ್ಟೂ ಜನರಿಗೆ, ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದು ಯಾರೂ ಕಲಿಸದೆಯೇ ತಿಳಿದುಹೋಯಿತು.